ಪ್ರಶ್ನೋತ್ತರ: ದೂರದ ಸಾವುಗಳಿಗೆ ಇಲ್ಲಿ ಕೂತು ಬರೆಯುವ ಕವಿತೆ

ಪ್ರಶ್ನೆ: 2023ರ ಫೆಬ್ರುವರಿ 6ರಂದು ಟರ್ಕಿ ಮತ್ತು ಸಿರಿಯಾಗಳಲ್ಲಿ ಭೂಕಂಪವಾದಾಗ ನಾನು ಹಲವು ರಾತ್ರಿ ನಿದ್ದೆಗೆಟ್ಟು ರಕ್ಷಣಾ ಕಾರ್ಯದ ದೃಶ್ಯಗಳನ್ನು ನೋಡಿದೆ. ಒಂದು ದೃಶ್ಯದಲ್ಲಿ ಸಿಬ್ಬಂದಿಯೊಬ್ಬರು ಕೈಯೆತ್ತಿ ಎಲ್ಲರೂ ಸದ್ದು ಮಾಡದಿರುವಂತೆ ಸೂಚಿಸಿದರು. ಯಂತ್ರಗಳು ನಿಂತವು, ಜನ ನಿಂತಲ್ಲೇ ನಿಂತರು. ಅವಶೇಷಗಳ ಅಡಿಯಿಂದ ದನಿಯೇನಾದರೂ ಕೇಳಿಸೀತೇ ಎಂದು ಅವರು ಕಿವಿಗೊಟ್ಟಿದ್ದರು. ಅದನ್ನು ನೋಡುತ್ತಿದ್ದ ನಾನು, ಏಕೆಂದು ತಿಳಿಯದೆ, ಎದ್ದು ನನ್ನ ಕೋಣೆಯ ಫ್ಯಾನ್ ನಿಲ್ಲಿಸಿ ಬಂದು ಕೂತೆ. ಆ ರಾತ್ರಿಯೇ ಒಂದು ಕವಿತೆ ಬರೆದೆ. ಕಟ್ಟಡದಡಿ ಸಿಲುಕಿದ ಹುಡುಗಿ ತಾಯಿಯೊಡನೆ ಮಾತಾಡುವಂತೆ ಬರೆದ ಅದರ ಮೊದಲ ಸಾಲುಗಳು: ‘ಅಮ್ಮಾ, ಕಲ್ಲಿನ ಕಂಬಳಿ ಹೊದ್ದು ಮಲಗಿರುವೆ, ಬೆಳಕೆಂಬ ಹಕ್ಕಿಯ ದಾರಿ ಕಾಯುತಿರುವೆ.’ ಬರೆದಾಗ ಮನಸ್ಸು ಹಗುರವಾಯಿತು. ಆದರೆ ಅದನ್ನೋದಿದ ಸ್ನೇಹಿತೆ, ‘ಅವರ ಸಾವು ನಿನ್ನ ಕವಿತೆಗೆ ಸರಕಾಯಿತೇ?’ ಎಂದು ಕೇಳಿದಳು. ಅಂದಿನಿಂದ ಇಂಥ ಸುದ್ದಿ ಬಂದಾಗಲೆಲ್ಲ ಬರೆಯಲು ಕೈ ಮುಂದಾಗುವುದಿಲ್ಲ, ಬರೆಯದೆ ಇರಲೂ ಆಗುವುದಿಲ್ಲ. ನನ್ನವರಲ್ಲದವರ ದುಃಖವನ್ನು ಕುರಿತು ಬರೆಯುವ ಹಕ್ಕು ನನಗಿದೆಯೇ?
– ಹೆಸರು ಬೇಡವೆಂದಿರುವ ಓದುಗರು

ಉತ್ತರ: ನಿಮ್ಮ ಸ್ನೇಹಿತೆಯ ಮಾತು ಒರಟಾದರೂ ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ನೀವು ಅದನ್ನು ಹಕ್ಕಿನ ಪ್ರಶ್ನೆಯಾಗಿ ಮಾಡಿಕೊಂಡಿರುವುದರಿಂದಲೇ ಪೆನ್ನು ನಿಂತುಹೋಗಿದೆ ಎಂದು ನನಗೆ ತೋರುತ್ತದೆ. ದುಃಖಿಸುವುದಕ್ಕೆ ಯಾರೂ ಪರವಾನಗಿ ಕೊಡುವುದಿಲ್ಲ, ಕೇಳುವುದೂ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಬರೆಯುವಾಗ ನೀವು ಎಲ್ಲಿ ನಿಂತಿದ್ದಿರಿ, ಮತ್ತು ಎಲ್ಲಿ ನಿಂತಿದ್ದೀರೆಂದು ಕವಿತೆಯಲ್ಲಿ ಹೇಳಿದಿರಿ?

ದೂರದ ಅನಾಹುತದ ಸುದ್ದಿ ಕೇಳಿ ಕವಿತೆ ಬರೆಯುವುದು ದೂರದರ್ಶನದ ಕಾಲದಲ್ಲಿ ಹುಟ್ಟಿದ ಚಾಳಿಯಲ್ಲ. 1755ರ ನವೆಂಬರ್ 1ರಂದು, ಜನರು ಹಬ್ಬದ ಪ್ರಾರ್ಥನೆಗೆಂದು ಚರ್ಚುಗಳಲ್ಲಿ ನೆರೆದಿದ್ದ ಹೊತ್ತಿನಲ್ಲಿ, ಭೂಕಂಪವೂ ಅದರ ಬೆನ್ನಿಗೇ ಬಂದ ಸಮುದ್ರದ ಅಲೆಗಳೂ ಬೆಂಕಿಯೂ ಪೋರ್ಚುಗಲ್ಲಿನ ಲಿಸ್ಬನ್ ನಗರವನ್ನು ನಾಶಮಾಡಿದಾಗ, ಫ್ರೆಂಚ್ ಲೇಖಕ ವೋಲ್ಟೇರ್ ಇದ್ದದ್ದು ಜಿನೀವಾದ ಹತ್ತಿರ. ಸುದ್ದಿ ಅವನನ್ನು ಮುಟ್ಟಲು ಮೂರು ವಾರಗಳಷ್ಟು ಕಾಲ ಹಿಡಿಯಿತು. ಆ ಮೇಲೆ ಕೆಲವೇ ವಾರಗಳಲ್ಲಿ ಅವನು ದೀರ್ಘ ಕವಿತೆಯೊಂದನ್ನು ಬರೆದ. ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಎನ್ನುವ ತತ್ತ್ವಜ್ಞಾನಿಗಳೊಡನೆ ಅದರಲ್ಲಿ ಅವನು ಜಗಳಕ್ಕೇ ನಿಲ್ಲುತ್ತಾನೆ. ಅಲ್ಲಿ ಲಿಸ್ಬನ್ ಕುಸಿದಿದೆ, ಇಲ್ಲಿ ಪ್ಯಾರಿಸ್‌ನಲ್ಲಿ ಕುಣಿತ ನಡೆದಿದೆ ಎಂಬ ಅರ್ಥದ ಸಾಲೊಂದು ಅದರಲ್ಲಿದೆ. ಗಮನಿಸಿ, ಅವನು ಅವಶೇಷಗಳಡಿಯಿಂದ ಮಾತಾಡುವುದಿಲ್ಲ. ಸುರಕ್ಷಿತರ ಕಡೆಯಿಂದ, ಸುರಕ್ಷಿತರ ಮೇಲೆಯೇ ಸಿಟ್ಟಾಗಿ ಮಾತಾಡುತ್ತಾನೆ.

ಇನ್ನೊಂದು ಉದಾಹರಣೆ ನಿಮಗೆ ಇನ್ನೂ ಹತ್ತಿರದ್ದು. 1875ರ ಡಿಸೆಂಬರ್‌ನಲ್ಲಿ ಡಾಯ್ಚ್‌ಲ್ಯಾಂಡ್ ಎಂಬ ಹಡಗು ಥೇಮ್ಸ್ ನದಿಯ ಮುಖದ ಬಳಿ ಮರಳದಿಣ್ಣೆಗೆ ಬಡಿದು ಒಡೆಯಿತು. ಸತ್ತವರಲ್ಲಿ ಜರ್ಮನಿಯ ಕಾನೂನುಗಳಿಂದಾಗಿ ದೇಶ ಬಿಟ್ಟು ಹೊರಟಿದ್ದ ಐವರು ಸಂನ್ಯಾಸಿನಿಯರಿದ್ದರು. ಇಂಗ್ಲಿಷ್ ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಆಗ ವೇಲ್ಸ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ ಯುವಕ. ಏಳು ವರ್ಷಗಳಿಂದ ಕವಿತೆ ಬರೆಯುವುದನ್ನೇ ಬಿಟ್ಟಿದ್ದ. ಪತ್ರಿಕೆಯಲ್ಲಿ ಓದಿದ ವರದಿ ಅವನನ್ನು ಮತ್ತೆ ಬರೆಯಲು ಹಚ್ಚಿತು. ಮೂವತ್ತೈದು ಪದ್ಯಗಳ ಆ ಕವಿತೆಯ ನಡುವೆ, ಬಿರುಗಾಳಿಯ ವರ್ಣನೆ ಏರುತ್ತಿರುವಾಗಲೇ, ಅವನು ತಡೆದು ನಿಂತು ಒಂದು ಮಾತು ಹೇಳುತ್ತಾನೆ: ಅವರು ಗಾಳಿಯ ಬಾಯಿಗೆ ತುತ್ತಾಗುತ್ತಿದ್ದಾಗ ನಾನು ದೂರದ ಪಶ್ಚಿಮದಲ್ಲಿ, ಸೂರಿನಡಿ, ವಿಶ್ರಾಂತಿಯಲ್ಲಿದ್ದೆ. ಅಷ್ಟೇ. ತನ್ನನ್ನು ಹಳಿದುಕೊಳ್ಳುವುದಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ದಾಖಲಿಸಿ ಮತ್ತೆ ಹಡಗಿನ ಕಡೆಗೆ ತಿರುಗುತ್ತಾನೆ. ನನ್ನ ಮಟ್ಟಿಗೆ ಇಡೀ ಕವಿತೆಯನ್ನು ನಂಬುವಂತೆ ಮಾಡುವುದು ಆ ‘ಸೂರಿನಡಿ’ ಎಂಬ ಒಂದು ಮಾತು.

ಈಗ ನಿಮ್ಮ ಸಾಲುಗಳಿಗೆ ಬರೋಣ. ನೇರವಾಗಿ ಹೇಳುವುದಕ್ಕೆ ಕ್ಷಮೆಯಿರಲಿ. ‘ಕಲ್ಲಿನ ಕಂಬಳಿ’ ಎಂಬುದು ಕಲ್ಲಿನಡಿ ಇರುವವಳ ಮಾತಲ್ಲ. ಕಂಬಳಿ ಬೆಚ್ಚಗಿಡುತ್ತದೆ, ಬೇಕೆನಿಸಿದಾಗ ಸರಿಸಬಹುದು. ಆ ಹುಡುಗಿಯ ಮೇಲಿರುವುದು ಸರಿಸಲಾಗದ ಕಾಂಕ್ರೀಟು, ಮತ್ತು ಅದು ಚಳಿಗಾಲದ ರಾತ್ರಿ. ಈ ರೂಪಕ ಹೊಳೆಯುವುದು ಹಾಸಿಗೆಯಲ್ಲಿ ಮಲಗಿ ನೋಡುತ್ತಿರುವವರಿಗೆ ಮಾತ್ರ. ಬೆಳಕೆಂಬ ಹಕ್ಕಿಯೂ ಅಷ್ಟೆ, ಅದು ನೂರಾರು ಕವಿತೆಗಳಲ್ಲಿ ಹಾರಿ ಬಂದು ನಿಮ್ಮ ಪುಟದಲ್ಲಿ ಕೂತಿದೆ. ‘ಮಲಗಿರುವೆ’, ‘ಕಾಯುತಿರುವೆ’ ಎಂಬ ಪ್ರಾಸವಂತೂ ಲಾಲಿಯ ಲಯವನ್ನು ತಂದುಬಿಡುತ್ತದೆ. ಆಕೆಯ ಬಾಯಿಂದ ಮಾತಾಡಿಸಹೋಗಿ ನೀವು ಆಕೆಯನ್ನು ಮಲಗಿಸಿ ತಟ್ಟಿದ್ದೀರಿ. ನಿಮ್ಮ ಸ್ನೇಹಿತೆಗೆ ಚುಚ್ಚಿದ್ದು ಇದೇ ಇರಬೇಕು, ವಿಷಯವಲ್ಲ, ಸ್ವರ.

ಆದರೆ ನಿಮ್ಮ ಪತ್ರದಲ್ಲಿಯೇ ಒಂದು ಕವಿತೆ ಇದೆ, ಅದು ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಕೈಯೆತ್ತಿದರು, ಯಂತ್ರಗಳು ನಿಂತವು, ಜನ ನಿಂತಲ್ಲೇ ನಿಂತರು, ನಾನೆದ್ದು ನನ್ನ ಕೋಣೆಯ ಫ್ಯಾನ್ ನಿಲ್ಲಿಸಿದೆ. ಈ ನಾಲ್ಕು ವಾಕ್ಯಗಳಿಗೆ ಉಪಮೆ ಬೇಡ, ಪ್ರಾಸ ಬೇಡ. ನಿಮ್ಮ ಫ್ಯಾನಿನ ಸದ್ದು ಅಲ್ಲಿಗೆ ಮುಟ್ಟುವುದಿಲ್ಲವೆಂದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಎದ್ದಿರಿ. ಯಾರಿಗೂ ಉಪಯೋಗಕ್ಕೆ ಬಾರದ ಆ ಒಂದು ಚಲನೆಯಲ್ಲಿ ನಿಮ್ಮ ಸಂಕಟವೂ ಇದೆ, ಸಾವಿರಾರು ಕಿಲೋಮೀಟರುಗಳ ಅಂತರವೂ ಇದೆ, ಮತ್ತು ಎರಡೂ ಒಂದನ್ನೊಂದು ಸುಳ್ಳಾಗಿಸುವುದಿಲ್ಲ. ನಿಮಗೆ ಸಲ್ಲುವ ಸಾಕ್ಷ್ಯ ಅದು. ಅದನ್ನು ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಇಲ್ಲಿ ನಮ್ಮ ಕಾವ್ಯಮೀಮಾಂಸೆಯ ಒಂದು ಸೂಕ್ಷ್ಮವನ್ನು ನೆನೆಯಬಹುದು. ಬೇಡನ ಬಾಣಕ್ಕೆ ಬಿದ್ದ ಕ್ರೌಂಚವನ್ನು ಕಂಡ ವಾಲ್ಮೀಕಿಯ ಶೋಕವೇ ಶ್ಲೋಕವಾಯಿತು ಎಂಬ ಮಾತು ನಮಗೆಲ್ಲ ಬಾಯಿಪಾಠ. ಅದನ್ನು ವ್ಯಾಖ್ಯಾನಿಸುವಾಗ ಕಾಶ್ಮೀರದ ಮೀಮಾಂಸಕ ಅಭಿನವಗುಪ್ತ, ಈ ಶೋಕವನ್ನು ಮುನಿಯ ಸ್ವಂತ ಶೋಕವೆಂದು ತಿಳಿಯಬಾರದು ಎಂದು ಎಚ್ಚರಿಸುತ್ತಾನೆ. ಸ್ವತಃ ಆ ದುಃಖದಲ್ಲೇ ಮುಳುಗಿದ್ದರೆ ಕಾವ್ಯಕ್ಕೆ ಎಡೆಯೇ ಇರುತ್ತಿರಲಿಲ್ಲ ಎನ್ನುವುದು ಅವನ ವಾದ. ಜೊತೆಯನ್ನು ಕಳೆದುಕೊಂಡದ್ದು ಹಕ್ಕಿ, ಮುನಿಯಲ್ಲ. ಆ ಹಕ್ಕಿಯ ಅಳಲಿಗೆ ಮುನಿಯ ಹೃದಯ ಮಿಡಿಯಿತು, ಆದರೆ ಅವನು ಹಕ್ಕಿಯಾಗಲಿಲ್ಲ. ಮುನಿಯ ಬಾಯಿಂದ ಬಂದ ಮೊದಲ ಮಾತು ಹಕ್ಕಿಯ ದನಿಯಲ್ಲಿಲ್ಲ. ಬೇಡನನ್ನು ಉದ್ದೇಶಿಸಿ, ನೋಡುತ್ತಿದ್ದವನ ಜಾಗದಿಂದಲೇ ಹೊರಟಿದೆ.

ಹಾಗಾದರೆ ಇನ್ನೊಬ್ಬರ ದನಿಯಲ್ಲಿ ಬರೆಯಲೇಬಾರದೇ ಎಂದು ನೀವು ಕೇಳಬಹುದು. ಬರೆಯಬಾರದೆಂದು ನಾನು ಹೇಳಲಾರೆ, ಆದರೆ ಅದು ಒಂದು ರಾತ್ರಿಯ ಕೆಲಸವಲ್ಲ. ಅಮೆರಿಕದ ಚಾರ್ಲ್ಸ್ ರೆಝ್ನಿಕಾಫ್ ಯೆಹೂದ್ಯರ ನರಮೇಧವನ್ನು ಕುರಿತು 1975ರಲ್ಲಿ ಪ್ರಕಟಿಸಿದ ಕಾವ್ಯಕ್ಕೆ ನಾಜಿ ಅಪರಾಧಿಗಳ ಮೇಲೆ ನಡೆದ ನ್ಯೂರೆಂಬರ್ಗ್ ಮತ್ತು ಐಕ್‌ಮನ್ ವಿಚಾರಣೆಗಳ ದಾಖಲೆಗಳನ್ನೇ ಆಧಾರವಾಗಿಟ್ಟುಕೊಂಡ. ಸಾಕ್ಷಿಗಳು ಹೇಳಿದ್ದನ್ನು ಆಯ್ದು, ಕತ್ತರಿಸಿ, ಸಾಲುಗಳಾಗಿ ಜೋಡಿಸಿದನೇ ಹೊರತು ತನ್ನ ಮರುಕವನ್ನು ನಡುವೆ ತುರುಕಲಿಲ್ಲ. ಇನ್ನೊಬ್ಬರ ದನಿ ಬೇಕೆಂದರೆ ಮೊದಲು ಅವರು ನಿಜಕ್ಕೂ ಏನು ಹೇಳಿದ್ದಾರೆಂದು ಓದಬೇಕಾಗುತ್ತದೆ.

ಪ್ರಶ್ನೆ: ದುರಂತ ನಡೆದ ಮರುದಿನವೇ ಕವಿತೆಗಳು ಪ್ರಕಟವಾಗತೊಡಗುತ್ತವೆ, ಅವಕ್ಕೆ ಮೆಚ್ಚುಗೆಯೂ ಬರುತ್ತದೆ. ನನಗೆ ಇದು ಕಿರಿಕಿರಿಯೆನಿಸುತ್ತದೆ. ಕವಿತೆಯಿಂದ ಸಂತ್ರಸ್ತರಿಗೆ ಮೂರು ಕಾಸಿನ ಉಪಯೋಗವುಂಟೇ? ಸ್ವಲ್ಪ ಕಾಲ ಕಾಯುವುದು ಸಭ್ಯತೆಯಲ್ಲವೇ?
– ನಿವೃತ್ತ ಶಿಕ್ಷಕರು

ಉತ್ತರ: ಉಪಯೋಗವಿಲ್ಲ. ಕವಿತೆ ರಕ್ತದಾನವಲ್ಲ, ಹಣವಲ್ಲ, ಔಷಧವೂ ಅಲ್ಲ. ಬರೆದದ್ದರಿಂದ ಕೊಡಬೇಕಾದದ್ದನ್ನು ಕೊಟ್ಟಂತಾಯಿತೆಂದು ಒಳಗೊಳಗೇ ಸಮಾಧಾನವಾಗುತ್ತಿದ್ದರೆ ಆ ಸಮಾಧಾನವನ್ನು ಅನುಮಾನಿಸಬೇಕು. ಆದರೆ ಬೇಗ ಬರೆಯುವುದೇ ಅಸಭ್ಯವೆಂದು ನಾನು ಒಪ್ಪಲಾರೆ. ಟೈಟಾನಿಕ್ ಹಡಗು ಮುಳುಗಿದ್ದು 1912ರ ಏಪ್ರಿಲ್ 15ರ ಬೆಳಗಿನ ಜಾವ. ಅದನ್ನು ಕುರಿತ ಇಂಗ್ಲಿಷ್ ಕವಿ ಥಾಮಸ್ ಹಾರ್ಡಿಯ ಕವಿತೆ ಒಂದು ತಿಂಗಳು ತುಂಬುವುದರೊಳಗೆ, ಸಂತ್ರಸ್ತರ ನಿಧಿಗಾಗಿ ಲಂಡನ್ನಿನಲ್ಲಿ ನಡೆದ ರಂಗಪ್ರದರ್ಶನದ ಸ್ಮರಣ ಪುಸ್ತಿಕೆಯಲ್ಲಿ ಅಚ್ಚಾಗಿತ್ತು. ಹಣ ಕೂಡಿಸುವ ಕೆಲಸ ಒಂದು ಕಡೆ, ಕವಿತೆ ಅದರ ಪಕ್ಕದಲ್ಲಿ. ಒಂದು ಇನ್ನೊಂದರ ಬದಲಿಗೆ ನಿಲ್ಲಲಿಲ್ಲ. ಸ್ವಾರಸ್ಯವೆಂದರೆ ಆ ಕವಿತೆ ಸತ್ತವರಿಗಾಗಿ ಅಳುವುದೇ ಇಲ್ಲ. ಹಡಗು ಕಟ್ಟುತ್ತಿದ್ದಾಗಲೇ ದೂರದಲ್ಲಿ ಹಿಮಗಡ್ಡೆಯೂ ಬೆಳೆಯುತ್ತಿತ್ತು ಎಂಬ ಒಂದು ಕಲ್ಪನೆಯನ್ನು ತಣ್ಣಗೆ ಬಿಚ್ಚುತ್ತಾ ಹೋಗುತ್ತದೆ. ಅಷ್ಟು ತಣ್ಣಗಿರುವುದು ಹತ್ತಿರದವರನ್ನು ಕಳೆದುಕೊಂಡವರಿಗೆ ಹೇಗೆ ಕೇಳಿಸಿರಬಹುದೆಂದು ನಾನು ಆಗಾಗ ಯೋಚಿಸಿದ್ದೇನೆ, ಉತ್ತರ ಸಿಕ್ಕಿಲ್ಲ.

ನಿಮ್ಮ ಕಿರಿಕಿರಿಗೆ ದೊಡ್ಡ ವಕೀಲರೂ ಇದ್ದಾರೆ. ನಾಜಿಗಳ ಸಾವಿನ ಶಿಬಿರವಾಗಿದ್ದ ಆಶ್‌ವಿಟ್ಜ್‌ನ ನಂತರ ಕವಿತೆ ಬರೆಯುವುದು ಅನಾಗರಿಕತೆ ಎಂದು ಜರ್ಮನ್ ತತ್ತ್ವಜ್ಞಾನಿ ಥಿಯೊಡೋರ್ ಅಡೋರ್ನೊ 1949ರಲ್ಲಿ ಬರೆದದ್ದನ್ನು ಎಲ್ಲರೂ ಉದ್ಧರಿಸುತ್ತಾರೆ. ಅದೇ ಅಡೋರ್ನೊ 1966ರಲ್ಲಿ, ಚಿತ್ರಹಿಂಸೆಗೊಳಗಾದವನಿಗೆ ಚೀರುವ ಹಕ್ಕಿರುವಂತೆ ನಿರಂತರ ಯಾತನೆಗೂ ಅಭಿವ್ಯಕ್ತಿಯ ಹಕ್ಕಿದೆ, ಹಾಗಾಗಿ ತಾನು ಹಿಂದೆ ಹೇಳಿದ್ದು ತಪ್ಪಿರಬಹುದು ಎಂದು ತಿದ್ದಿಕೊಂಡದ್ದನ್ನು ಉದ್ಧರಿಸುವವರು ಕಡಿಮೆ. ಬರೆದದ್ದನ್ನು ಹಿಂತೆಗೆದುಕೊಂಡ ಕವಿಗಳೂ ಉಂಟು. 1939ರ ಸೆಪ್ಟೆಂಬರ್‌ನಲ್ಲಿ, ಯುರೋಪಿನಲ್ಲಿ ಯುದ್ಧ ಶುರುವಾದ ಸುದ್ದಿಗೆ ನ್ಯೂಯಾರ್ಕಿನಲ್ಲಿ ಕೂತು ಇಂಗ್ಲಿಷ್ ಕವಿ ಆಡೆನ್ ಬರೆದ ಕವಿತೆಯಲ್ಲಿ, ನಾವು ಪರಸ್ಪರ ಪ್ರೀತಿಸಬೇಕು ಇಲ್ಲವೇ ಸಾಯಬೇಕು ಎಂಬ ಸಾಲಿತ್ತು. ಪ್ರೀತಿಸಿದರೂ ಸಾಯುತ್ತೇವಲ್ಲ, ಇದು ಸುಳ್ಳು ಎಂದು ಅವನಿಗೇ ಅನ್ನಿಸಿ, ಆ ಕವಿತೆಯನ್ನೇ ತನ್ನ ಸಂಗ್ರಹಗಳಿಂದ ಕೈಬಿಟ್ಟ. ಅವನು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ಜನರು ಹುಡುಕಿ ಒಬ್ಬರಿಗೊಬ್ಬರು ಕಳಿಸಿಕೊಂಡದ್ದು ಅದೇ ಕವಿತೆಯನ್ನು.

ಆದ್ದರಿಂದ ಇಷ್ಟು ದಿನ ಕಾಯಬೇಕೆಂದು ನಾನು ಲೆಕ್ಕ ಹಾಕಿ ಹೇಳುವುದಿಲ್ಲ. ಬರೆಯುವುದು ಬೇರೆ, ಪ್ರಕಟಿಸುವುದು ಬೇರೆ ಎಂದಷ್ಟೇ ನೆನಪಿಸುತ್ತೇನೆ. ಬರೆದದ್ದನ್ನು ಅಲ್ಲಿ ಮಗುವನ್ನು ಕಳೆದುಕೊಂಡ ಒಬ್ಬರ ಎದುರು ಕೂತು ಗಟ್ಟಿಯಾಗಿ ಓದಬೇಕಾಗಿ ಬಂದರೆ ಯಾವ ಸಾಲಿನಲ್ಲಿ ನಿಮ್ಮ ದನಿ ತಡವರಿಸೀತು ಎಂದು ಊಹಿಸಿಕೊಳ್ಳಿ. ನನ್ನ ಅನುಭವದಲ್ಲಿ ತಡವರಿಸುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ ಎಂದುಕೊಂಡ ಸಾಲಿನಲ್ಲಿಯೇ.

ಪ್ರಶ್ನೆ: ಬರೆದರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ. ನನಗೆ ಹಾಗಾಗುವುದಿಲ್ಲ. ಯುದ್ಧದ ಸುದ್ದಿಗಳನ್ನು ನೋಡಿ ಪ್ರತಿ ರಾತ್ರಿ ಬರೆಯುತ್ತೇನೆ, ಬರೆದ ಮೇಲೆ ಇನ್ನಷ್ಟು ಭಾರವೆನಿಸುತ್ತದೆ. ನಾನೆಲ್ಲಿ ತಪ್ಪುತ್ತಿದ್ದೇನೆ?
– ಓದುಗರೊಬ್ಬರು

ಉತ್ತರ: ಬರೆದ ಕೂಡಲೆ ಭಾರವೆನಿಸುವುದು ತಪ್ಪಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ಬದುಕಿನ ಆಘಾತವೊಂದನ್ನು ಕುರಿತು ಬರೆದರು. ನಡೆದದ್ದನ್ನೂ ಅನಿಸಿದ್ದನ್ನೂ ಒಟ್ಟಿಗೆ ಬರೆದವರು ಬರೆದು ಮುಗಿಸಿದ ಹೊತ್ತಿಗೆ ಹೆಚ್ಚು ಕುಗ್ಗಿದ್ದರು, ಆದರೆ ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಅವರ ಭೇಟಿ ಕಡಿಮೆಯಾಯಿತು. ಅವರು ಬರೆದದ್ದು ಸ್ವಂತ ಆಘಾತವನ್ನು, ನೀವು ಬರೆಯುತ್ತಿರುವುದು ಪರರ ಆಘಾತವನ್ನು, ಆದ್ದರಿಂದ ಹೋಲಿಕೆಯನ್ನು ತೀರ ಎಳೆಯಬಾರದು. ಒಂದು ವ್ಯತ್ಯಾಸವಂತೂ ಎದ್ದು ಕಾಣುತ್ತದೆ: ಅವರಿಗೆ ನಾಲ್ಕು ದಿನ, ಹದಿನೈದು ನಿಮಿಷ ಎಂಬ ಅಂಚಿತ್ತು. ನಿಮಗೆ ಅಂಚಿಲ್ಲ.

ನನ್ನ ಅನುಮಾನ ಕವಿತೆಯ ಮೇಲಲ್ಲ, ಕವಿತೆಗೆ ಮುಂಚಿನ ಗಂಟೆಗಳ ಮೇಲೆ. 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ನಂತರ ನಡೆದ ಅಧ್ಯಯನವೊಂದರಲ್ಲಿ, ಮೊದಲ ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಮಾಧ್ಯಮಗಳಲ್ಲಿ ಆ ಸುದ್ದಿಯನ್ನೇ ನೋಡಿದವರಲ್ಲಿ ಕಂಡ ತೀವ್ರ ಒತ್ತಡ, ಸ್ಫೋಟದ ಸ್ಥಳದಲ್ಲಿಯೇ ಇದ್ದವರಲ್ಲಿ ಕಂಡದ್ದಕ್ಕಿಂತಲೂ ಹೆಚ್ಚಾಗಿತ್ತು. ಗಾಯದ ಮೇಲೆ ಮತ್ತೆ ಮತ್ತೆ ಕೈಯಾಡಿಸುತ್ತಾ ಮುಲಾಮು ಹಚ್ಚಿದರೆ ಮುಲಾಮಿಗೆ ಕೆಟ್ಟ ಹೆಸರು.

ಬರೆಯುವುದಕ್ಕೆ ಕೂರುವ ಒಂದು ಗಂಟೆ ಮೊದಲೇ ಸುದ್ದಿಯನ್ನು ಮುಚ್ಚಿಡಿ. ದಿನಾಂಕ ಹಾಕಿ, ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟುಕೊಂಡು, ಕಂಡ ಒಂದೇ ಒಂದು ಸಂಗತಿಯನ್ನು ಬರೆಯಿರಿ. ಯುದ್ಧವನ್ನಲ್ಲ, ಆ ದಿನ ಕಣ್ಣಿಗೆ ಅಂಟಿಕೊಂಡ ಬಾಗಿಲಿಲ್ಲದ ಒಂದು ಚೌಕಟ್ಟನ್ನು. ‘ನಾನು’ ಎಂದೇ ಪ್ರತಿ ರಾತ್ರಿ ಬರೆಯುತ್ತಿದ್ದರೆ ಒಂದು ದಿನ ‘ಅವರು’ ಎಂದು, ಇನ್ನೊಂದು ದಿನ ‘ನೀನು’ ಎಂದು ಬರೆದು ನೋಡಿ. ಬರೆಯುವವರು ದಿನದಿಂದ ದಿನಕ್ಕೆ ಸರ್ವನಾಮಗಳನ್ನು ಹೀಗೆ ಬದಲಿಸುವುದಕ್ಕೂ ಆರೋಗ್ಯ ಸುಧಾರಿಸುವುದಕ್ಕೂ ನಂಟಿದೆಯೆಂದು ಪೆನ್ನೆಬೇಕರ್ ಅವರದೇ ಮುಂದಿನ ಅಧ್ಯಯನಗಳು ಸೂಚಿಸಿವೆ. ಕವಿಗಳಿಗೆ ಇದು ಹೊಸ ಸುದ್ದಿಯೇನಲ್ಲ, ನಿಂತ ಜಾಗ ಬದಲಾದರೆ ಕಾಣುವುದೂ ಬದಲಾಗುತ್ತದೆ.

ಇಷ್ಟಾದರೂ ಎರಡು ಮೂರು ವಾರ ನಿದ್ದೆ ಬಾರದಿದ್ದರೆ, ದಿನದ ಕೆಲಸಗಳು ಕೈಗೆ ಹತ್ತದಿದ್ದರೆ, ಅದು ಕವಿತೆಯ ಅಂಕಣ ಬಗೆಹರಿಸುವ ವಿಷಯವಲ್ಲ. ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಹೋಗುವಾಗ ನೋಟ್‌ಬುಕ್ ಒಯ್ಯಬೇಕೆನಿಸಿದರೆ ಒಯ್ಯಿರಿ, ತೆರೆದು ತೋರಿಸಲೇಬೇಕೆಂದೇನೂ ಇಲ್ಲ.