ಹಳೇ ರಾಸ್ಪ್‌ಬೆರಿ ಪೈ 3ರಲ್ಲಿ (ಚಿಕ್ಕ ಕಂಪ್ಯೂಟರ್ ಬೋರ್ಡು) ಆಸ್ಟೆರಿಸ್ಕ್ (ಇಂಟರ್ನೆಟ್ ಫೋನ್‌ಗಳಿಗೆ ಎಕ್ಸ್‌ಚೇಂಜ್ ಥರ ಕೆಲಸ ಮಾಡೋ ಸಾಫ್ಟ್‌ವೇರ್) ಹಾಕಿದ್ರೆ ಮನೆಯ ನಾಲ್ಕೈದು ಫೋನ್ ತಡ್ಕೊಳ್ಳುತ್ತಾ?

ಆರಾಮಾಗಿ ತಡ್ಕೊಳ್ಳುತ್ತೆ. ನಮ್ಮನೇಲೂ ಅದೇ ಬೋರ್ಡು ರೂಟರ್ ಪಕ್ಕ ಕೂತಿದೆ, ಕಾಲ್ ನಡೀತಿರೋವಾಗ ಟಾಪ್ ಕಮಾಂಡ್ ಹಾಕಿ ನೋಡಿದ್ರೆ ಸಿಪಿಯು ಸುಮ್ನೆ ಬಿದ್ದಿರುತ್ತೆ. ಯಾಕಂದ್ರೆ ಎರಡೂ ಕಡೆ ಒಂದೇ ಕೋಡೆಕ್ (ಧ್ವನಿಯನ್ನ ಡಿಜಿಟಲ್ ರೂಪಕ್ಕೆ ಕಟ್ಟೋ ವಿಧಾನ) ಇದ್ರೆ ಅದಕ್ಕಿರೋ ಕೆಲಸ ಈ ಕಡೆ ಬಂದ ಪ್ಯಾಕೆಟ್ಟನ್ನ ಆ ಕಡೆ ದಾಟಿಸೋದಷ್ಟೇ, ಜಿ.711 ಅನ್ನೋ ಕೋಡೆಕ್ ಆದ್ರೆ ಸಾಮಾನ್ಯವಾಗಿ ಸೆಕೆಂಡಿಗೆ 50 ಪ್ಯಾಕೆಟ್, ಹೆಡರ್ ಎಲ್ಲಾ ಸೇರಿ ಒಂದೊಂದು ದಿಕ್ಕಿಗೆ 80-90 ಕೆಬಿಪಿಎಸ್. ಒಂದು ಕಡೆ ಓಪಸ್ ಅನ್ನೋ ಬೇರೆ ಕೋಡೆಕ್, ಇನ್ನೊಂದು ಕಡೆ ಜಿ.711 ಅಂದಾಗ ಮಾತ್ರ ಧ್ವನಿಯನ್ನ ಬಿಚ್ಚಿ ಮತ್ತೆ ಕಟ್ಬೇಕು, ಅದೂ ನಾಲ್ಕೈದು ಫೋನಿಗೆ ದೊಡ್ಡ ವಿಷ್ಯ ಅಲ್ಲ.

ನಿಜವಾದ ತಲೆನೋವು ರೂಟರ್‌ದು. ರಿಂಗ್ ಆಗುತ್ತೆ, ಎತ್ತಿದ್ರೆ ನಿಮ್ಮ ಮಾತು ಅವ್ರಿಗೆ ಕೇಳುತ್ತೆ, ಅವ್ರ ಮಾತು ನಿಮಗೆ ಕೇಳಲ್ಲ, ಇದು ನೋಡೇ ನೋಡ್ತೀರ. ಪೈ ತನ್ನ ಒಳಗಿನ 192.168 ವಿಳಾಸವನ್ನೇ ಆ ಕಡೆಗೆ ಹೇಳಿರುತ್ತೆ, ಅವ್ರ ಆಡಿಯೋ ಆ ವಿಳಾಸ ಹುಡುಕ್ಕೊಂಡು ಎಲ್ಲೂ ತಲುಪಲ್ಲ. ಪಿಜೆಸಿಪ್ (ಸಿಪ್, ಅಂದ್ರೆ ಇಂಟರ್ನೆಟ್ ಕಾಲ್ ಜೋಡಿಸೋ ನಿಯಮಗಳನ್ನ ಆಸ್ಟೆರಿಸ್ಕಲ್ಲಿ ನೋಡ್ಕೊಳ್ಳೋ ಡ್ರೈವರ್) ಟ್ರಾನ್ಸ್‌ಪೋರ್ಟ್ ಸೆಟ್ಟಿಂಗಲ್ಲಿ ಎಕ್ಸ್‌ಟರ್ನಲ್ ಮೀಡಿಯಾ ಅಡ್ರೆಸ್ (ಹೊರಗಿನ ಐಪಿ ವಿಳಾಸ), ಲೋಕಲ್ ನೆಟ್ (ಮನೆಯೊಳಗಿನ ನೆಟ್‌ವರ್ಕ್) ಎರಡೂ ತುಂಬಿ, ಟ್ರಂಕಿಗೆ (ಹೊರಗಿನ ನಂಬರ್‌ಗಳಿಗೆ ಕಾಲ್ ಒಯ್ಯೋ ಕಂಪನಿಯ ಲೈನು) ಡೈರೆಕ್ಟ್ ಮೀಡಿಯಾ ನೋ ಮಾಡಿ, ಅಂದ್ರೆ ಆಡಿಯೋ ಪೈ ಮೂಲಕವೇ ಹೋಗ್ಲಿ, ರೂಟರಲ್ಲಿ ಸಿಪ್ ಎಎಲ್‌ಜಿ ಅಂತಿದ್ರೆ ಆಫ್ ಮಾಡಿ (ಸಹಾಯ ಮಾಡೋಕಂತ ಬಂದು ಇರೋದನ್ನೂ ಕೆಡಿಸೋ ಫೀಚರ್ ಅದು).

ಇನ್ನು ಸಿಪ್ ಬಳಸೋ 5060 ಪೋರ್ಟನ್ನ ದಯವಿಟ್ಟು ಇಂಟರ್ನೆಟ್ಟಿಗೆ ತೆರೀಬೇಡಿ. ತೆರೆದ್ರೆ ಲಾಗಲ್ಲಿ ಯಾರ್ಯಾರೋ 100, 101, 1000 ಅಂತ ಎಕ್ಸ್‌ಟೆನ್ಷನ್ ಹೆಸರಲ್ಲಿ ಲಾಗಿನ್ ಟ್ರೈ ಮಾಡೋ ಸಾಲುಗಳು ಸುರೀತಾ ಹೋಗುತ್ತೆ, ಒಂದು ಪಾಸ್‌ವರ್ಡ್ ಸಿಕ್ರೆ ನಿಮ್ಮ ಖರ್ಚಲ್ಲಿ ದುಬಾರಿ ವಿದೇಶಿ ನಂಬರಿಗೆ ರಾತ್ರಿಯೆಲ್ಲಾ ಕಾಲ್. ಟ್ರಂಕ್ ರಿಜಿಸ್ಟರ್ ಆಗೋದು ಒಳಗಿಂದ ಹೊರಗೆ, ಹಾಗಾಗಿ ಸಾಮಾನ್ಯವಾಗಿ ಪೋರ್ಟ್ ತೆರೆಯೋ ಅಗತ್ಯನೇ ಇರಲ್ಲ, ಹೊರಗಡೆ ಇದ್ದಾಗ ಮೊಬೈಲಿಂದ ವೈರ್‌ಗಾರ್ಡ್ ಅನ್ನೋ ವಿಪಿಎನ್ ಮೂಲಕ ಬನ್ನಿ. ಡಯಲ್‌ಪ್ಲಾನಲ್ಲಿ (ಯಾವ ನಂಬರ್ ಒತ್ತಿದ್ರೆ ಏನಾಗ್ಬೇಕು ಅಂತ ಬರೆದಿಡೋ ಜಾಗ) ವಿದೇಶಿ ಕಾಲ್ ಬ್ಲಾಕ್ ಮಾಡಿಡಿ, ಟ್ರಂಕ್ ಪ್ರೀಪೇಯ್ಡ್ ಆದ್ರೆ ಬ್ಯಾಲೆನ್ಸ್ ಕಮ್ಮಿ ಇಟ್ಕೊಳ್ಳಿ.

ಎಸ್‌ಡಿ ಕಾರ್ಡ್ ನಂಬ್ಕೋಬೇಡಿ. ಕಾಲ್ ರೆಕಾರ್ಡಿಂಗು, ಲಾಗು ಅಂತ ಬರೀತಾನೇ ಇದ್ರೆ ಬೇಗ ಸವೆಯುತ್ತೆ, ಮಧ್ಯೆ ಕರೆಂಟ್ ಹೋದ್ರೆ ಫೈಲ್ ಸಿಸ್ಟಮ್ಮೇ ಕೆಡಬಹುದು. ಯುಎಸ್‌ಬಿ ಎಸ್‌ಎಸ್‌ಡಿ ಒಳ್ಳೇದು, ಕಾನ್ಫಿಗ್ ಫೈಲ್‌ಗಳ ಕಾಪಿ ಬೇರೆ ಕಡೆ ಇರ್ಲಿ. ಪೈ ಎಳೆಯೋದೇ ಕೆಲವು ವಾಟ್, ರೂಟರ್ ಜೊತೆ ಚಿಕ್ಕ ಯುಪಿಎಸ್‌ಗೆ ಸೇರಿಸಿದ್ರೂ ಗಂಟೆಗಟ್ಟಲೆ ಬರುತ್ತೆ. ಆದ್ರೂ ಎಮರ್ಜೆನ್ಸಿ ಕಾಲಿಗೆ ಮೊಬೈಲೇ ಇರ್ಲಿ, ಅದಕ್ಕೆ ಇದನ್ನ ನೆಚ್ಕೊಳ್ಳೋದು ಬೇಡ.

ಮತ್ತೆ, ಹಳೇ ಟ್ಯುಟೋರಿಯಲ್‌ಗಳಲ್ಲಿ ಸಿಪ್ ಡಾಟ್ ಕಾನ್ಫ್ ಫೈಲ್ ಎಡಿಟ್ ಮಾಡಿ ಅಂತಿದ್ರೆ ಮುಂದೆ ಓದ್ಬೇಡಿ. ಆಸ್ಟೆರಿಸ್ಕ್ 21ರಿಂದ ಆ ಫೈಲ್ ಬಳಸೋ ಹಳೇ ಸಿಪ್ ಡ್ರೈವರನ್ನೇ ತೆಗ್ದಿದ್ದಾರೆ, ಪಿಜೆಸಿಪ್ ಇರೋದನ್ನೇ ಹುಡುಕಿ.