ಡೊಂಬಿವಲಿ ರೂಮಿನ ಡಿಪಾಸಿಟ್: ದುಡ್ಡು ಕೈಗೆ ಬರುವ ಮೊದಲು ಕೀ ಕೊಡಬೇಡಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಬಾಡಿಗೆಗಿರುವ ನೀವು, ಖಾಲಿ ಮಾಡಿ ಅನ್ನುತ್ತಿರುವ ಮಾಲೀಕರಿಂದ ಡಿಪಾಸಿಟ್ ವಾಪಸ್ ಪಡೆಯುವುದು ಹೇಗೆ ಎಂದು ಕೇಳಿದ್ದೀರಿ. 11 ತಿಂಗಳ ಕರಾರು ಮುಗಿಯುವ ಮೊದಲೇ "ಮೂರು ದಿನದಲ್ಲಿ ಖಾಲಿ ಮಾಡಿ, 50,000 ಡಿಪಾಸಿಟ್ ಆಮೇಲೆ ನೋಡೋಣ" ಎಂದು ಮಾಲೀಕರು ಹೇಳುತ್ತಿರುವುದಕ್ಕೆ ಕಾರಣ ಬಹುಶಃ ಇಷ್ಟೇ: ನಿಮ್ಮ ಕರಾರಿಗೆ ಬರೀ ನೋಟರಿ ಮೊಹರು ಬಿದ್ದಿದೆ, ಸರ್ಕಾರಿ ಕಚೇರಿಯಲ್ಲಿ ನೋಂದಣಿ ಆಗಿಲ್ಲ. ನಿಮ್ಮ ಕೈಯಲ್ಲಿ ಏನೂ ಇಲ್ಲ ಅಂದುಕೊಂಡಿದ್ದಾರೆ. ಕಾನೂನು ಹೇಳುವುದು ಉಲ್ಟಾ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ನೋಂದಣಿ ಮಾಡಿಸುವ ಹೊಣೆ ಮಾಲೀಕರದ್ದು. ಮಾಡಿಸದಿದ್ದರೆ, ಅವರು ಬೇರೆ ಸಾಬೀತು ಮಾಡುವ ತನಕ ಷರತ್ತುಗಳ ಬಗ್ಗೆ ಬಾಡಿಗೆದಾರರ ಮಾತೇ ನಡೆಯುತ್ತದೆ. ಮಾಲೀಕರಿಗೆ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಮೊದಲು ಪುರಾವೆ ಮಾಡಿಕೊಳ್ಳಿ. ಡಿಪಾಸಿಟ್ ನಗದಾಗಿ ಕೊಟ್ಟಿದ್ದೀರಿ ಅಲ್ವಾ? ಜಗಳ ಬೇಡ, ವಾಟ್ಸಾಪ್‌ನಲ್ಲಿ ಸುಮ್ನೆ ಕೇಳಿ: "ನಾನು ಕೊಟ್ಟ 50,000 ಯಾವತ್ತು ವಾಪಸ್ ಕೊಡ್ತೀರಿ?" ಉತ್ತರ ಬಂದರೆ ಅದೇ ದಾಖಲೆ. ಮುಲುಂಡ್‌ನಲ್ಲಿದ್ದಾಗ ನನ್ನ ದುಡ್ಡು ಉಳಿಸಿದ್ದು "ಮುಂದಿನ ವಾರ ಕೊಡ್ತೀನಿ" ಅನ್ನೋ ಒಂದೇ ಸಾಲು.

ಆಮೇಲೆ 55ನೇ ಕಲಂ ಹೆಸರಿಸಿ ಮಾಲೀಕರಿಗೆ ಮರಾಠಿಯಲ್ಲಿ ಪತ್ರ ಬರೆಸಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಏಜೆಂಟ್ ಮಾತು ನಂಬಬೇಡಿ, ಅವನಿಗೆ ಹೊಸ ಬಾಡಿಗೆದಾರ ಬಂದರೆ ಹೊಸ ಕಮಿಷನ್.

ಕರಾರಿನಲ್ಲಿ "ನೋಟಿಸ್ ಕೊಟ್ಟು ಬಿಡಿಸಬಹುದು" ಎಂಬ ಸಾಲಿದ್ದರೆ ಲೆಕ್ಕ ಬೇರೆ ಆಗಬಹುದು, ಆ ಪುಟವನ್ನು ವಕೀಲರಿಗೆ ತೋರಿಸಿ. ಫೀಸು ಜಾಸ್ತಿ ಅನಿಸಿದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಬಾಗಿಲಿಗೆ ಬೇರೆ ಬೀಗ ಹಾಕಿದರೆ ಫೋಟೊ ತೆಗೆದು ಅವತ್ತೇ ಪೊಲೀಸರಿಗೆ ಲಿಖಿತ ದೂರು ಕೊಡಿ.