ಸಾಫ್ಟ್‌ವೇರ್ ಸಿಂತ್‌ನಲ್ಲಿ ಎನ್ವಲಪ್ ಬಳಸಿ ಸದ್ದಿಗೆ ಆಕಾರ ಕೊಡುವುದು ಹೇಗೆ?

ಸಿಂತ್ (ಸದ್ದು ಹುಟ್ಟಿಸುವ ಎಲೆಕ್ಟ್ರಾನಿಕ್ ವಾದ್ಯ) ನುಡಿಸುವಾಗ ಪ್ರತಿ ಸ್ವರ ಹೊತ್ತಿನೊಂದಿಗೆ ಹೇಗೆ ಏರಿಳಿಯಬೇಕೆಂದು ಹೇಳುವುದೇ ಎನ್ವಲಪ್. ಮೊದಲು ಒಂದು ವ್ಯತ್ಯಾಸ ತಲೆಯಲ್ಲಿರಲಿ: ಅಟ್ಯಾಕ್ (ಸದ್ದು ತುದಿಗೇರುವ ಹೊತ್ತು), ಡಿಕೇ (ತುದಿಯಿಂದ ಸಸ್ಟೇನ್‌ಗೆ ಇಳಿಯುವ ಹೊತ್ತು), ರಿಲೀಸ್ (ಕೀ ಬಿಟ್ಟ ಮೇಲೆ ಆರುವ ಹೊತ್ತು) ಮೂರೂ ಸಮಯದ ಅಳತೆ, ಸಸ್ಟೇನ್ ಮಾತ್ರ ಮಟ್ಟ, ಕೀ ಒತ್ತಿರುವಷ್ಟು ಹೊತ್ತು ಸದ್ದು ಉಳಿಯುವ ಎತ್ತರ. ಸಸ್ಟೇನ್ 100% ಇಟ್ಟು ಡಿಕೇ ಎಷ್ಟು ತಿರುಗಿಸಿದರೂ ಏನೂ ಬದಲಾಗದು, ಇಳಿಯಲು ಜಾಗವೇ ಇಲ್ಲವಲ್ಲ!

ತಂತಿ ಮೀಟಿದಂಥ ಸದ್ದಿಗೆ ಆಂಪ್ಲಿಟ್ಯೂಡ್ (ಸದ್ದಿನ ಜೋರು) ಎನ್ವಲಪ್‌ನಲ್ಲಿ ಅಟ್ಯಾಕ್ 2 ಮಿಲಿಸೆಕೆಂಡ್, ಡಿಕೇ 600, ಸಸ್ಟೇನ್ 0, ರಿಲೀಸ್ 300 ಇಡಿ. ಪ್ಯಾಡ್‌ಗಾದರೆ (ನಿಧಾನವಾಗಿ ಏರಿ ಹರಡುವ ಹಿನ್ನೆಲೆ ಸದ್ದು) ಅಟ್ಯಾಕ್ 800, ಸಸ್ಟೇನ್ 80%, ರಿಲೀಸ್ 1.5 ಸೆಕೆಂಡ್.

ಆದರೆ ಸದ್ದಿಗೆ ಜೀವ ಬರುವುದು ಫಿಲ್ಟರ್ ಎನ್ವಲಪ್‌ನಿಂದ. ಸಾ ತರಂಗ (ಗರಗಸದ ಹಲ್ಲಿನಾಕಾರದ್ದು) ತೆಗೆದುಕೊಂಡು ಲೋ-ಪಾಸ್ ಕಟಾಫ್ (ಇದಕ್ಕಿಂತ ಮೇಲಿನ ಆವರ್ತನಗಳನ್ನು ಫಿಲ್ಟರ್ ತಗ್ಗಿಸುವ ಮಿತಿ) ಅನ್ನು 300 ಹರ್ಟ್ಸ್‌ಗೆ ಇಳಿಸಿ. ಈಗ ಸದ್ದು ಕಂಬಳಿ ಹೊದ್ದಂತೆ ಮಂಕಾಗಿರುತ್ತದೆ. ಫಿಲ್ಟರ್ ಎನ್ವಲಪ್‌ನ ಡಿಕೇ 250 ಮಿಲಿಸೆಕೆಂಡ್, ಸಸ್ಟೇನ್ 0 ಮಾಡಿ, ಎನ್ವಲಪ್ ಅಮೌಂಟ್ (ಎನ್ವಲಪ್ ಕಟಾಫ್ ಅನ್ನು ಎಷ್ಟು ಎತ್ತಬೇಕೆಂಬ ಪ್ರಮಾಣ) ನಿಧಾನವಾಗಿ ಏರಿಸಿ. ಪ್ರತಿ ಸ್ವರವೂ ಚುರುಕಾಗಿ ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಈ ಬದಲಾವಣೆ ಕೇಳಿಸದಿದ್ದರೆ ಕಟಾಫ್ ಆಗಲೇ ಪೂರ್ತಿ ತೆರೆದಿದೆಯೇ ನೋಡಿ. ಬಹುತೇಕ ಅದೇ ಕಾರಣ. ಇಲ್ಲವೇ ಆಂಪ್ಲಿಟ್ಯೂಡ್ ಡಿಕೇ ತೀರಾ ಚಿಕ್ಕದಿದ್ದು, ಫಿಲ್ಟರ್ ಮುಚ್ಚುವ ಮೊದಲೇ ಸದ್ದು ಸತ್ತಿರುತ್ತದೆ.

ಸ್ವರದ ಆರಂಭದಲ್ಲಿ 'ಟಿಕ್' ಎನ್ನುತ್ತಿದೆಯೇ? ಅಟ್ಯಾಕ್ 0 ಇದ್ದಾಗ ತರಂಗ ಸೊನ್ನೆಯಿಂದ ಮೇಲೇರದೆ ನಡುವಿನಿಂದಲೇ ಜಿಗಿಯಬಹುದು; 3ರಿಂದ 5 ಮಿಲಿಸೆಕೆಂಡ್ ಕೊಟ್ಟರೆ ಸಾಕು. ಕೊನೆಯಲ್ಲಿ ಟಿಕ್ ಬಂದರೆ ರಿಲೀಸ್ 10ರಿಂದ 20 ಮಾಡಿ, ಬೇಸ್‌ಗೆ ಇನ್ನೂ ಸ್ವಲ್ಪ ಹೆಚ್ಚು. ಹಾಗಂತ ರಿಲೀಸ್ ವಿಪರೀತ ಉದ್ದ ಮಾಡಬೇಡಿ: ಹಳೆಯ ಕಾರ್ಡ್ (ಒಟ್ಟಿಗೆ ನುಡಿಸಿದ ಸ್ವರಗಳ ಗುಂಪು) ಹೊಸದರ ಮೇಲೆ ಹರಡಿ ಕಲಸಿಹೋಗುತ್ತದೆ, ವಾಯ್ಸ್‌ಗಳ (ಒಮ್ಮೆಗೇ ನುಡಿಯಬಲ್ಲ ಸ್ವರಗಳ) ಮಿತಿ 8 ಇದ್ದರೆ ಸ್ವರಗಳು ನಡುವೆಯೇ ಕತ್ತರಿಸಿಹೋಗುತ್ತವೆ.